ಐದು ಪುಟಗಳಿಗೆ ಬೆಂಗಳೂರು ಕೊಟ್ಟ ಎಡೆ

ಸರ್ಕಾರಿ ಕಚೇರಿಗಳಲ್ಲಿ ಗೋಪ್ಯ ಪತ್ರವನ್ನು ಲಕೋಟೆಯೊಳಗೆ ಮತ್ತೊಂದು ಲಕೋಟೆಯಿಟ್ಟು, ಅರಗಿನ ಮುದ್ರೆಯೊತ್ತಿ ಕಳುಹಿಸುವ ಪದ್ಧತಿಯುಂಟು. ಅರಗು ಬೀಗವಲ್ಲ, ಒಡೆಯುವವನನ್ನು ಅದು ತಡೆಯಲಾರದು. ಒಡೆದದ್ದನ್ನು ಮರೆಮಾಚಲು ಬಿಡದಿರುವುದಷ್ಟೇ ಅದರ ಕೆಲಸ. ಇಂಗ್ಲಿಷ್ ಸಾಹಿತ್ಯ ಓದಿ ಕಚೇರಿ ಸೇರಿದ ನನ್ನಂಥವನಿಗೆ ಕ್ವಾಂಟಂ ಗೂಢಲಿಪಿಯ ಚರಿತ್ರೆಯೊಳಗೆ ದಾರಿ ತೋರಿದ್ದು ಈ ಅರಗೇ.

ಆ ಚರಿತ್ರೆಯ ಮೊದಲ ಪುಟದಲ್ಲಿರುವುದು ತಿರಸ್ಕಾರ. 1970ರ ಸುಮಾರಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಸ್ಟೀಫನ್ ವೀಸ್ನರ್, ಕ್ವಾಂಟಂ ನಿಯಮಗಳನ್ನು ಬಳಸಿ ಯಾರೂ ನಕಲು ಮಾಡಲಾರದ ನೋಟನ್ನು ಕಲ್ಪಿಸಿ ಲೇಖನ ಬರೆದರು. ಅದು ಒಪ್ಪಿಗೆಯಾಗದೆ ಹಿಂದಿರುಗಿತು, ಅಚ್ಚಾದದ್ದು 1983ರಲ್ಲಿ. ಆ ನಡುವೆ ವಿಚಾರವನ್ನು ಜೀವಂತವಾಗಿಟ್ಟವರು ಅವರ ಗೆಳೆಯ, ಐಬಿಎಂ ಸಂಸ್ಥೆಯ ಚಾರ್ಲ್ಸ್ ಬೆನೆಟ್. 1979ರಲ್ಲಿ ಪೋರ್ಟೊರಿಕೋದಲ್ಲಿ ನಡೆದ ಸಮ್ಮೇಳನವೊಂದರ ಬಿಡುವಿನಲ್ಲಿ, ಕಡಲಲ್ಲಿ ಈಜುತ್ತಿದ್ದ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಯುವ ಅಧ್ಯಾಪಕ ಜೀಲ್ ಬ್ರಸಾರ್ ಅವರ ಬಳಿಗೆ ಬೆನೆಟ್ ಈಜಿಕೊಂಡೇ ಬಂದು ಆ ನೋಟಿನ ಸಂಗತಿಯನ್ನು ಹೇಳಿದರು.

ನೋಟಿನಿಂದ ಆರಂಭವಾದ ಇವರಿಬ್ಬರ ಚಿಂತನೆ ಸಂದೇಶದ ಕೀಲಿಯತ್ತ ಹೊರಳಿತು. ಕೀಲಿಯ ಒಂದೊಂದು ಅಂಕಿಯನ್ನೂ ಬೆಳಕಿನ ಒಂದೊಂದು ಕಣದ ಮೇಲೆ, ನೇರ ಅಥವಾ ಓರೆ ಎಂಬ ಎರಡು ಬಗೆಗಳಲ್ಲಿ ಒಂದನ್ನು ಮನಬಂದಂತೆ ಆರಿಸಿ ಕಳುಹಿಸಬೇಕು. ಪಡೆಯುವವನೂ ಹಾಗೆಯೇ ಒಂದು ಬಗೆಯನ್ನು ಆರಿಸಿ ಅಳೆಯುತ್ತಾನೆ. ಬಳಿಕ ಇಬ್ಬರೂ ತಾವು ಆರಿಸಿದ ಬಗೆಗಳನ್ನು ಬಹಿರಂಗವಾಗಿ ಹೋಲಿಸಿ, ಹೊಂದಿಕೆಯಾದವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ನಡುವೆ ಕದ್ದು ಅಳೆಯುವವನ ಊಹೆ ಅರ್ಧದಷ್ಟು ಸಲ ತಪ್ಪುತ್ತದೆ. ತಪ್ಪಿದಾಗ ಕಣದ ಸ್ಥಿತಿಯೇ ಬದಲಾಗುತ್ತದೆ. ಅವನು ಪ್ರತಿಯೊಂದು ಕಣವನ್ನೂ ಹೀಗೆ ತಡೆದು ಅಳೆದು ಮುಂದೆ ಕಳುಹಿಸಿದರೆ, ಉಳಿದ ಅಂಕಿಗಳಲ್ಲಿ ನೂರಕ್ಕೆ ಸುಮಾರು 25 ತಪ್ಪಾಗಿರುತ್ತವೆ. ಕೆಲವನ್ನು ಪರೀಕ್ಷಿಸಿದರೆ ಕಳ್ಳತನ ಬಯಲು. ಆಗ ಆ ಕೀಲಿಯನ್ನೇ ತ್ಯಜಿಸುತ್ತಾರೆ. ಸಂದೇಶವಿನ್ನೂ ಹೊರಟೇ ಇರುವುದಿಲ್ಲ. ಅರಗಿನ ಮುದ್ರೆಗೆ ಈ ಭಾಗ್ಯವಿಲ್ಲ: ಅದು ಒಡೆದಿರುವುದು ತಿಳಿಯುವ ವೇಳೆಗೆ ಪತ್ರವನ್ನು ಓದಿಯಾಗಿರುತ್ತದೆ.

ಗಣಕಶಾಸ್ತ್ರದ ಪ್ರತಿಷ್ಠಿತ ವೇದಿಕೆಗಳಲ್ಲಿ ಇಂಥ ವಿಚಾರಕ್ಕೆ ಎಡೆ ಸುಲಭವಾಗಿರಲಿಲ್ಲ. ಆಗ ಬ್ರಸಾರ್ ಅವರಿಗೆ ಒಂದು ಆಹ್ವಾನ ಬಂದಿತು: 1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯುವ ಅಂತಾರಾಷ್ಟ್ರೀಯ ಗಣಕ ಸಮ್ಮೇಳನದಲ್ಲಿ ತಮಗಿಷ್ಟವಾದ ವಿಷಯವನ್ನು ಮಂಡಿಸಬಹುದು. ಅವರು ಇದನ್ನೇ ಆರಿಸಿಕೊಂಡರು. ಸಮ್ಮೇಳನದ ಸಂಪುಟದಲ್ಲಿ ಅದು 175ರಿಂದ 179ನೆಯ ಪುಟದವರೆಗೆ, ಕೇವಲ ಐದು ಪುಟ. ಇಂದು ಜಗತ್ತು ಅದನ್ನು 'ಬಿಬಿ84' ಎಂದು ಕರೆಯುತ್ತದೆ. ಆ ಎರಡು 'ಬಿ'ಗಳು ಬೆನೆಟ್ ಮತ್ತು ಬ್ರಸಾರ್. ಬೆಂಗಳೂರಿನ ಅಕ್ಷರ ಅದರಲ್ಲಿಲ್ಲ.

1989ರಲ್ಲಿ ಇವರೂ ಇವರ ವಿದ್ಯಾರ್ಥಿಗಳೂ ಕಟ್ಟಿದ ಮೊದಲ ಉಪಕರಣದಲ್ಲಿ ಬೆಳಕು ಸಾಗಿದ ದೂರ 32.5 ಸೆಂಟಿಮೀಟರ್. ಕಳುಹಿಸುವ ಅಂಕಿಗೆ ತಕ್ಕಂತೆ ಯಂತ್ರದ ಸದ್ದೂ ಬದಲಾಗುತ್ತಿತ್ತಾದ್ದರಿಂದ, ಕದಿಯುವವನು ಕಿವುಡನಾದರೆ ಮಾತ್ರ ಇದು ಸುರಕ್ಷಿತವೆಂದು ಬ್ರಸಾರ್ ತಾವೇ ನಗೆಯಾಡಿದ್ದಾರೆ. ಕೆಲವೇ ವರ್ಷಗಳಲ್ಲಿ ಜಿನೀವಾ ವಿಶ್ವವಿದ್ಯಾನಿಲಯದ ತಂಡವು ಸರೋವರದಡಿಯ ದೂರವಾಣಿ ಕೇಬಲಿನಲ್ಲಿ 23 ಕಿಲೋಮೀಟರ್ ದೂರಕ್ಕೆ ಇದೇ ವಿದ್ಯೆಯನ್ನು ಪ್ರಯೋಗಿಸಿತು. 2022ರ ಫೆಬ್ರುವರಿಯಲ್ಲಿ ದೆಹಲಿಯ ಐಐಟಿ ಮತ್ತು ಡಿಆರ್‌ಡಿಒ ತಂಡಗಳು ಪ್ರಯಾಗರಾಜ್ ಮತ್ತು ವಿಂಧ್ಯಾಚಲದ ನಡುವೆ ನೂರು ಕಿಲೋಮೀಟರಿಗೂ ಮೀರಿ ಕ್ವಾಂಟಂ ಕೀಲಿಯನ್ನು ಸಾಗಿಸಿದವು. ಮರುವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ 6,003 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಮಂಜೂರು ಮಾಡಿತು.

ನಾಡಿನಿಂದ ದೂರವಿರುವ ನಮಗೆ ಊರಿನ ಹೆಸರು ಕಂಡೊಡನೆ ಅಭಿಮಾನ ಉಕ್ಕುವುದು ಸಹಜ. ಆದರೆ ಆ ವಿದ್ಯೆ ನಮ್ಮದೆಂದು ಹೇಳಿಕೊಳ್ಳುವಂತಿಲ್ಲ. ವಿಷಯ ನಿಮ್ಮ ಇಷ್ಟವೆಂದು ಯಾರೋ ಬರೆದ ಒಂದು ಆಹ್ವಾನ ಪತ್ರ, ಸಂಪುಟದಲ್ಲಿ ಬಿಟ್ಟುಕೊಟ್ಟ ಐದು ಪುಟ — ಇಷ್ಟೇ ಬೆಂಗಳೂರಿನ ಪಾಲು. 'ಕಡತಕ್ಕೆ ಸೇರಿಸಿ' ಎಂದು ದಿನವೂ ಷರಾ ಬರೆಯುವ ನನಗೆ ಆ ಪಾಲು ಚಿಕ್ಕದೆನಿಸುವುದಿಲ್ಲ. ಹದಿಮೂರು ವರ್ಷ ಬದಿಗಿದ್ದ ವೀಸ್ನರ್ ಅವರ ಹಾಳೆಗಳು ನೆನಪಾದಾಗ, ಮೇಜಿನ ಮೇಲಿನ ಅರ್ಥವಾಗದ ಕಾಗದವನ್ನು ಇನ್ನೊಮ್ಮೆ ಓದುತ್ತೇನೆ.