ಮೆಟ್ಟಿಲು ಹತ್ತಿದ ಕಂಡಕ್ಟರ್, ಕೂತೇ ಇದ್ದ ಡ್ರೈವರ್

ಇವತ್ತು ಒಂದು ಬಸ್ಸಿನ ಕಥೆ. ಲಂಡನ್ನಿನ ಕೆಂಪು ಡಬಲ್ ಡೆಕ್ಕರ್. ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಡಬಲ್ ಡೆಕ್ಕರ್ ಓಡ್ತಿತ್ತು, ಹಳಬರಿಗೆ ನೆನಪಿರುತ್ತೆ. "ಕೂತು ಕೂತು ಮೈ ಕೆಡುತ್ತೆ" ಅಂತ ಈಗ ಮನೆಮನೆಯಲ್ಲೂ ಹೇಳ್ತೀವಲ್ಲ, ಆ ಮಾತಿಗೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ಆ ಲಂಡನ್ ಬಸ್ಸಿನ ಮೆಟ್ಟಿಲ ಮೇಲೆ.

ಎರಡನೇ ಮಹಾಯುದ್ಧ ಮುಗಿದಿತ್ತು. ಬ್ರಿಟನ್ನಿನಲ್ಲಿ ಹೃದಯಾಘಾತದ ಸಾವು ಏರುತ್ತಲೇ ಇತ್ತು. ನಿನ್ನೆ ಕೆಲಸಕ್ಕೆ ಬಂದಿದ್ದ ನಡುವಯಸ್ಸಿನ ಗಂಡಸು ಇವತ್ತು ಇಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಆಗ ಜೆರ್ರಿ ಮಾರಿಸ್ ಎಂಬ ವೈದ್ಯರು, ಯುದ್ಧಕಾಲದಲ್ಲಿ ಸೇನಾ ವೈದ್ಯರಾಗಿ ಭಾರತದಲ್ಲೂ ಇದ್ದು ಹೋದವರು, ಮಾಡುವ ಕೆಲಸಕ್ಕೂ ಹೃದಯಕ್ಕೂ ನಂಟಿದೆಯಾ ಅಂತ ಹುಡುಕೋಕೆ ಹೊರಟರು.

ಅವರ ಜಾಣತನ ಇರೋದು ಯಾರನ್ನು ಆರಿಸಿಕೊಂಡರು ಅನ್ನೋದರಲ್ಲಿ. ಸಾಹುಕಾರನನ್ನೂ ಕೂಲಿಯವನನ್ನೂ ಹೋಲಿಸಿದ್ರೆ ಊಟ, ಮನೆ ಎಲ್ಲವೂ ಬೇರೆ, ಏನೂ ಗೊತ್ತಾಗಲ್ಲ. ಆದ್ರೆ ಡ್ರೈವರು, ಕಂಡಕ್ಟರು? ಒಂದೇ ಊರು, ಒಂದೇ ಸಂಸ್ಥೆ, ಹೆಚ್ಚುಕಮ್ಮಿ ಒಂದೇ ಥರದ ಬದುಕು. ವ್ಯತ್ಯಾಸ ಅಂದ್ರೆ ಡ್ರೈವರ್ ಪಾಳಿಯ ಶೇ. 90ರಷ್ಟು ಹೊತ್ತು ಕೂತಿರ್ತಾನೆ. ಕಂಡಕ್ಟರ್ ಟಿಕೆಟ್ ಕೊಡ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಲಂಡನ್ ಸಾರಿಗೆಯ ಸುಮಾರು 31,000 ಗಂಡಸರ ಲೆಕ್ಕ ತೆಗೆದರು. ಕಂಡಕ್ಟರ್‌ಗಳಿಗೆ ಹೃದ್ರೋಗ ಬಂದಿದ್ದು ಕಡಿಮೆ, ಬಂದರೂ ತಡವಾಗಿ. ಬಂದಾಗಲೂ ಅಷ್ಟು ಬೇಗ ಪ್ರಾಣ ತೆಗೆದಿರಲಿಲ್ಲ.

ಮೊದಲ ಅಂಕಿಗಳು ಕೈಗೆ ಬಂದಿದ್ದು 1949ರಲ್ಲಿ. ಮಾರಿಸ್ ಆಗಲೇ ಡಂಗುರ ಹೊಡೆಯಲಿಲ್ಲ. ಟ್ರಾಫಿಕ್ಕಿನ ತಲೆಬಿಸಿಯೇ ಡ್ರೈವರನ್ನು ಕೊಲ್ಲುತ್ತಿರಬಹುದಲ್ಲ? ಅದಕ್ಕೇ ಅಂಚೆ ಇಲಾಖೆ ನೋಡಿದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವವರು ಒಂದು ಕಡೆ, ಕುರ್ಚಿಯ ಗುಮಾಸ್ತರು, ಟೆಲಿಫೋನ್ ಆಪರೇಟರ್‌ಗಳು ಇನ್ನೊಂದು ಕಡೆ. ಅಲ್ಲೂ ಅದೇ ಕಥೆ. ಕೊನೆಗೆ 1953ರ ನವೆಂಬರ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಪ್ಪದವರು ಬೇಕಾದಷ್ಟಿದ್ದರು. ಬರೀ ಓಡಾಟದಿಂದ ಹೃದಯ ಉಳಿಯುತ್ತೆ ಅಂದ್ರೆ ಯಾರು ನಂಬ್ತಾರೆ?

ನನಗೆ ತುಂಬಾ ಇಷ್ಟವಾದ ಭಾಗ ಪ್ಯಾಂಟಿನದು. ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರ್ತಿದ್ರೋ ಏನೋ ಅನ್ನೋ ಅನುಮಾನ ಬಂತು. ಮಾರಿಸ್ ತಂಡ ಸಮವಸ್ತ್ರದ ದಾಖಲೆ ತೆಗೆಸಿತು. ಸೊಂಟದ ಅಳತೆ ಅಲ್ಲೇ ಬರೆದಿತ್ತಲ್ಲ! ಅನುಮಾನ ಸುಳ್ಳಾಗಿರಲಿಲ್ಲ: ಡ್ರೈವರ್‌ಗಳ ಸೊಂಟ ಶುರುವಿನಿಂದಲೇ ಒಂದಿಷ್ಟು ಅಗಲ. 1956ರಲ್ಲಿ ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಆದರೆ ಮುಂದೆ ನೋಡಿದಾಗ, ಸಣಕಲಿರಲಿ, ದಪ್ಪಗಿರಲಿ, ಕಂಡಕ್ಟರ್‌ಗೇ ಅಪಾಯ ಕಡಿಮೆ. ತನ್ನ ವಾದಕ್ಕೆ ತಾನೇ ಹೀಗೆ ಪಾಟೀಸವಾಲು ಹಾಕೋ ಸಂಶೋಧಕರು ಅಪರೂಪ ಬಿಡಿ.

ಕೆಲಸವೇ ಕುರ್ಚಿಯದಾದರೆ? ಅವರು ಮುಂದೆ ಸರ್ಕಾರಿ ಅಧಿಕಾರಿಗಳನ್ನು ಹಿಡಿದರು. ಹಿಂದಿನ ಶುಕ್ರವಾರ, ಶನಿವಾರ ಏನೇನು ಮಾಡಿದಿರಿ ಅಂತ ಸೋಮವಾರ ಬೆಳಿಗ್ಗೆ ಬರೆಸಿಕೊಂಡರು. ಬಿಡುವಿನಲ್ಲಿ ಏದುಸಿರು ಬರುವಷ್ಟು ಮೈ ದಂಡಿಸಿದವರಿಗೆ ಹೃದ್ರೋಗ ಉಳಿದವರ ಮೂರನೇ ಒಂದರಷ್ಟು ಮಾತ್ರ. ಆ ವರದಿ ಬಂದಿದ್ದು 1973ರಲ್ಲಿ. ಅಷ್ಟರೊಳಗೆ ಮಾರಿಸ್ ತಾವೇ ಹ್ಯಾಂಪ್‌ಸ್ಟೆಡ್ ಹೀತ್ ಎಂಬ ಲಂಡನ್ನಿನ ಹುಲ್ಲುಗಾವಲಲ್ಲಿ ಓಡೋಕೆ ಶುರುಮಾಡಿದ್ದರು. ಸುಮ್ಮನೆ ಓಡುವ ಗಂಡಸನ್ನು ಆಗ ಜನ ವಿಚಿತ್ರವಾಗಿ ನೋಡೋರು. ಅವರು ತೀರಿಕೊಂಡಿದ್ದು 2009ರಲ್ಲಿ, 99ನೇ ವಯಸ್ಸಿನಲ್ಲಿ.

ಇಲ್ಲೊಂದು ಮಾತು ಹೇಳಲೇಬೇಕು. ಕಂಡಕ್ಟರ್ ಆರೋಗ್ಯಕ್ಕೆ ಅಂತ ಮೆಟ್ಟಿಲು ಹತ್ತಲಿಲ್ಲ, ಸಂಬಳಕ್ಕೆ ಹತ್ತಿದ. ಓಡಾಟ ಅವನ ಕೆಲಸದೊಳಗೇ ಇತ್ತು. ಅಧಿಕಾರಿ ಅದನ್ನು ತನ್ನ ಬಿಡುವಿನಲ್ಲಿ ಹುಡುಕಿಕೊಳ್ಳಬೇಕಾಯ್ತು, ಅವನಿಗೆ ಬಿಡುವಿತ್ತು. ಎರಡು ಪಾಳಿ ಓಡಿಸೋ ಡ್ರೈವರ್‌ಗೆ "ದಿನಾ ವಾಕಿಂಗ್ ಹೋಗಪ್ಪಾ" ಅಂದ್ರೆ ಯಾವಾಗ ಹೋಗ್ಬೇಕು? ಲಂಡನ್ನಿನಲ್ಲಿ ಒಬ್ಬರೇ ನಡೆಸುವ ಬಸ್ಸುಗಳು ಬಂದು ಕಂಡಕ್ಟರ್ ಕೆಲಸ ಕರಗುತ್ತಾ ಹೋಯಿತು. 2005ರ ಡಿಸೆಂಬರ್‌ನಲ್ಲಿ 159ನೇ ಮಾರ್ಗದ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳೂ ನಿಂತವು. ನಮ್ಮ ಕೆಎಸ್‌ಆರ್‌ಟಿಸಿಯಲ್ಲೂ ಚಾಲಕ-ಕಂ-ನಿರ್ವಾಹಕ ಅನ್ನೋ ಹುದ್ದೆ ಇದೆ. ಮಾರಿಸ್ ಹೋಲಿಸಿದ ಇಬ್ಬರಲ್ಲಿ ಬಸ್ಸಿನಲ್ಲಿ ಉಳಿದವನು ಕೂತವನೇ.