ಅರ್ಥದಂಗೆ ಯಾರ್ ಗೆದ್ರೂ ಅಡ್ಡಿಲ್ಲ

ತಲ್ಲೂರು ಪೇಟೆಯಲ್ಲಿ ನೇರಳಕಟ್ಟೆ ಕಡೆಯ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹಿಂದಿನ ರಾತ್ರಿಯ ತಾಳಮದ್ದಲೆಯ ಸುದ್ದಿ ತೆಗೆದಿದ್ದರು. "ಅರ್ಥ ಲಾಯ್ಕ್ ಹೇಳ್ರ್ ಮಾರಾಯ್ರೆ" ಎಂದ ಒಬ್ಬ. ಮರುಕ್ಷಣವೇ, "ಆರೆ ನಂಗೆ ಎಂತ ಅರ್ಥ ಆಯ್ಲಿಲ್ಲ" ಎಂದ. ಕೇಳಿಸಿಕೊಂಡವನು ನಗಲಿಲ್ಲ. ಕುಂದಾಪುರದ ಕಡೆಯವರಿಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ಅರ್ಥ ಹೇಳುವುದು ಬೇರೆ, ಅರ್ಥ ಆಗುವುದು ಬೇರೆ. ಘಟ್ಟದ ಮೇಲಿನ ನೆಂಟರಿಗೆ "ಅವರು ಅರ್ಥ ಹೇಳಲಿಕ್ಕೆ ಹೋಗಿದ್ದಾರೆ" ಎಂದು ನೋಡಿ. ಯಾವ ಕ್ಲಾಸಿಗೆ ಟ್ಯೂಷನ್ ಎಂದು ಕೇಳುತ್ತಾರೆ.

ತಾಳಮದ್ದಲೆಯಲ್ಲಿ ಭಾಗವತರು ನಾಲ್ಕು ಸಾಲಿನ ಪದ್ಯ ಹಾಡಿ ನಿಲ್ಲಿಸುತ್ತಾರೆ. ವೇಷವಿಲ್ಲ, ಗೆಜ್ಜೆಯಿಲ್ಲ, ಪಂಚೆ ಉಟ್ಟು ಶಾಲು ಹೊದ್ದು ಕೂತವರು ರಾಮನೋ ರಾವಣನೋ ಆಗಿ ಅರ್ಧ ಗಂಟೆ ಮಾತಾಡುತ್ತಾರೆ. ಬರೆದಿಟ್ಟ ಮಾತಲ್ಲ, ಎದುರು ಕೂತವರು ಹೇಳಿದ್ದಕ್ಕೆ ಆ ಗಳಿಗೆಯಲ್ಲಿ ಹುಟ್ಟಿದ ಉತ್ತರ. ಅದಕ್ಕೆ ನಮ್ಮಲ್ಲಿ ಅರ್ಥ ಎಂದು ಹೆಸರು. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಮನೆಮನೆಗೆ ಬರುವ ಮಕ್ಕಳು ಹೇಳುವುದೂ ಅರ್ಥವೇ. ತಲ್ಲೂರಿನ ಮಗ್ಗುಲಿನ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದವರು ಕುಣಿಸುವ ಯಕ್ಷಗಾನದ ಗೊಂಬೆಗಳಿಗೂ ಅರ್ಥ ಬೇಕು. ಮರದ ಕೌರವನೂ ಬಾಯಿ ಮುಚ್ಚಿ ಕೂರುವಂತಿಲ್ಲ.

ಈ ಅರ್ಥ ಸಂಸ್ಕೃತದ್ದು ಎಂದು ನಿಘಂಟು ಹೇಳುತ್ತದೆ. ನನಗೆ ಒಪ್ಪಿಗೆಯಿಲ್ಲ. ಅರಿ, ಅರಿತು, ಅರಿತ. ಬೇಗ ಹೇಳಿದರೆ ಅರ್ತ. ನಮ್ಮೂರಿನ ಬಾಯಲ್ಲಿ ಮಹಾಪ್ರಾಣ ಹೇಗೂ ನಿಲ್ಲುವುದಿಲ್ಲ, ಅರ್ಥವೂ ಅರ್ತವೇ. ಹಾಗಾಗಿ ಅರ್ಥ ಹೇಳುವುದೆಂದರೆ ತಾನು ಅರಿತದ್ದನ್ನು ಹೇಳುವುದು, ಪದ್ಯದೊಳಗೆ ಕವಿ ಇಟ್ಟುಹೋದದ್ದನ್ನು ಹೆಕ್ಕಿ ಕೊಡುವುದಲ್ಲ. ಇದನ್ನು ಸಂಸ್ಕೃತ ಬಲ್ಲ ಸ್ನೇಹಿತರೊಬ್ಬರ ಎದುರು ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು ನನ್ನ ಆರೋಗ್ಯ ವಿಚಾರಿಸಿದರು. ಇರಲಿ. ಭಾಷಾಶಾಸ್ತ್ರದಲ್ಲಿ ನಿಲ್ಲದ ಎಷ್ಟೋ ಸಂಗತಿಗಳು ಜಗಲಿಯಲ್ಲಿ ಗಟ್ಟಿಯಾಗಿ ನಿಂತಿವೆ.

ಜಗಲಿ ಎಂದೆನಲ್ಲ, ಆಸಾಡಿ ಮಳೆಯಲ್ಲಿ ನಮ್ಮ ಹಳೇ ಮನೆಯ ಜಗಲಿಯಲ್ಲಿ ನಡೆದ ಒಂದು ವಾಲಿವಧೆಯ ಕೂಟವನ್ನು ಹೇಳದೆ ಮುಂದೆ ಹೋಗಲಾರೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಹೊಳೆ ತುಂಬಿ ಗದ್ದೆ ತುಂಬಿದಾಗ ನಮ್ಮವರಿಗೆ ಇದ್ದ ಗಮ್ಮತ್ತು ಇದೊಂದೇ. ಬಾಣ ತಾಗಿ ಬಿದ್ದ ವಾಲಿ ಅಂದು ರಾಮನನ್ನು ಕೇಳಿದ್ದು ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17ನೇ ಸರ್ಗದಲ್ಲಿ ಇರುವಂಥದ್ದೇ: ನಿನ್ನ ನಾಡಿಗೆ ಬಂದು ನಾನೇನು ಕೇಡು ಮಾಡಿದೆ? ಬೇರೆಯವನ ಸಂಗಡ ಹೋರಾಡುತ್ತಿದ್ದವನಿಗೆ ಮರೆಯಿಂದ ಯಾಕೆ ಹೊಡೆದೆ? ಐದುಗುರಿನ ಪ್ರಾಣಿಗಳಲ್ಲಿ ಮೊಲ, ಉಡ, ಆಮೆ ಮೊದಲಾದ ಐದನ್ನು ತಿನ್ನಬಹುದು. ನನ್ನ ಮಾಂಸ ತಿನ್ನುವಂತಿಲ್ಲ, ಚರ್ಮ ಹೊದೆಯುವಂತಿಲ್ಲ, ಕೊಂದು ನಿನಗೆ ಬಂದ ಲಾಭವೇನು? 18ನೇ ಸರ್ಗದಲ್ಲಿ ರಾಮ ಉತ್ತರ ಕೊಡುತ್ತಾನೆ. ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿದೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ ನಿನಗೆ ಮರಣವೇ ದಂಡನೆ. ಅಷ್ಟು ಸಾಲದೆ, ನೀನು ಮೃಗ, ಬೇಟೆಯಲ್ಲಿ ಮರೆಯಿಂದ ಹೊಡೆದರೆ ದೋಷವಿಲ್ಲ ಎಂದೂ ಸೇರಿಸುತ್ತಾನೆ.

ಅಂದಿನ ವಾಲಿ ಇದಕ್ಕೇ ಕಾದು ಕೂತಿದ್ದ. "ನಾನು ಮೃಗವೋ, ಧರ್ಮಕ್ಕೆ ಒಳಪಟ್ಟವನೋ? ಮೃಗವಾದರೆ ಅತ್ತಿಗೆ ನಾದಿನಿಯ ಲೆಕ್ಕ ನನಗೆಲ್ಲಿಯದು? ಧರ್ಮಕ್ಕೆ ಒಳಪಟ್ಟವನಾದರೆ ಬೇಟೆ ಹೇಗಾಯಿತು? ಒಂದನ್ನು ಇಟ್ಟುಕೋ, ಒಂದನ್ನು ಬಿಡು" ಎಂದ. ರಾಮನಾದವರು ಎಲೆಯಡಿಕೆ ತಟ್ಟೆ ಹತ್ತಿರ ಎಳೆದುಕೊಂಡರು. ಎಲೆಗೆ ಸುಣ್ಣ ಸವರಿದರು. ಇನ್ನೊಂದು ಎಲೆಗೂ ಸವರಿದರು. ಮಳೆಯ ಸದ್ದು ಮಾತ್ರ ಜೋರಾಗಿತ್ತು. ಭಾಗವತರು ಅನುಭವಸ್ಥರು, ಸಮಯ ನೋಡಿ ಮುಂದಿನ ಪದ್ಯ ಎತ್ತಿದರು. ರಾಮ ಬಚಾವಾದ.

ನನಗೆ ನಿದ್ರೆ ಬರಲಿಲ್ಲ. ಅಜ್ಜಿ ದಿನಾ ದೀಪ ಹಚ್ಚುತ್ತಿದ್ದದ್ದು ಇದೇ ರಾಮನ ಪಟಕ್ಕೆ. "ಅಜ್ಜಿ, ರಾಮ ಸೋತ್ನಾ?" ಎಂದು ಕೇಳಿದೆ. ಕೂಟದವರ ಕಾಫಿ ಲೋಟ ತೊಳೆಯುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು: "ದೇವ್ರ್ ಪದ್ಯದಂಗೆ ಗೆದ್ರೆ ಸಾಕ್. ಅರ್ಥದಂಗೆ ಯಾರ್ ಗೆದ್ರೂ ಅಡ್ಡಿಲ್ಲ."

ಪುರಾಣವನ್ನು ಶಾಸ್ತ್ರವೆಂದು ಓದಬೇಕೋ ಕಾವ್ಯವೆಂದು ಓದಬೇಕೋ ಎಂಬ ವಿಚಾರ ಸಂಕಿರಣಗಳಲ್ಲಿ ಊಟದ ಹೊತ್ತು ದಾಟುವ ತನಕ ಕೂತಿದ್ದೇನೆ; ಅಜ್ಜಿಯ ಈ ಮಾತಿಗಿಂತ ಹೆಚ್ಚಿನದು ಕಿವಿಗೆ ಬೀಳಲಿಲ್ಲ. ಪದ್ಯ ಗಟ್ಟಿ: ವಾಲಿ ಬೀಳಲೇಬೇಕು, ರಾಮನಿಗೆ ಶರಣಾಗಲೇಬೇಕು, ಅಂಗದನನ್ನು ಒಪ್ಪಿಸಿ ಹೋಗಲೇಬೇಕು. ಅದು ಭಕ್ತಿಯ ಪಾಲು. ಬೀಳುವ ಮೊದಲು ವಾಲಿ ಏನು ಕೇಳಬಹುದು ಎಂಬುದಕ್ಕೆ ಬೇಲಿಯಿಲ್ಲ. ಅದು ಕಾವ್ಯದ ಪಾಲು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ, ರಾವಣನಾಗಿ ಕೂತರೆ ಕೈಮುಗಿದು ಬಂದ ಭಕ್ತರೇ ಎದುರು ಪಕ್ಷಕ್ಕೆ ತಲೆದೂಗುತ್ತಿದ್ದರು. ಯಾರ ಭಕ್ತಿಗೂ ಅದರಿಂದ ಕುಂದು ಬರಲಿಲ್ಲ.

ಶಾಸ್ತ್ರದ ಕಡೆಯವರು ಒಂದೇ ಅರ್ಥಕ್ಕೆ ಜೋತುಬಿದ್ದವರು ಎಂದುಕೊಳ್ಳಬೇಡಿ. ಉಡುಪಿಯ ಮಧ್ವಾಚಾರ್ಯರ ಲೆಕ್ಕದಲ್ಲಿ ವೇದಕ್ಕೆ 3 ಅರ್ಥ, ಭಾರತಕ್ಕೆ 10, ವಿಷ್ಣುಸಹಸ್ರನಾಮಕ್ಕೆ 100. ಮಹಾಭಾರತದ ತಾತ್ಪರ್ಯ ಇದೇ ಎಂದು ನಿರ್ಣಯಿಸಲು 32 ಅಧ್ಯಾಯ ಬರೆದವರೂ ಅವರೇ. ಅದರಲ್ಲೇ, ಗ್ರಂಥದಲ್ಲಿ ಕೆಲವರು ಇಲ್ಲದ್ದನ್ನು ಸೇರಿಸಿದ್ದಾರೆ, ಕೆಲವರು ಇದ್ದದ್ದನ್ನು ಬಿಟ್ಟಿದ್ದಾರೆ, ಕೆಲವರು ಹಿಂದುಮುಂದು ಮಾಡಿದ್ದಾರೆ ಎಂದು ಗೊಣಗಿದವರೂ ಅವರೇ. ದೇವರನ್ನು ನಂಬಿದವರಿಗೆ ಪಾಠಾಂತರ ನೋಡುವ ಕಣ್ಣು ಇರಬಾರದೆಂದು ಎಲ್ಲಿದೆ?

ನಂದಳಿಕೆಯ ಮುದ್ದಣನನ್ನೂ (1870–1901) ನಾನು ಈ ಜಗಲಿಗೇ ಎಳೆಯುತ್ತೇನೆ. ಉಡುಪಿ, ಕುಂದಾಪುರಗಳಲ್ಲಿ ವ್ಯಾಯಾಮ ಕಲಿಸಿದ ಈ ಮೇಷ್ಟ್ರು ಯಕ್ಷಗಾನ ಪ್ರಸಂಗ ಬರೆದವರು. ತನ್ನ ಬರಹವನ್ನು ಯಾರೋ ಹಳೆಯ ಕವಿಯದೆಂದು ನಂಬಿಸಿ ಅಚ್ಚಿಗೆ ಕಳಿಸಿದ ಗಟ್ಟಿಗರು. 'ಶ್ರೀರಾಮಾಶ್ವಮೇಧ'ದಲ್ಲಿ ಮುದ್ದಣ ಕಥೆ ಹೇಳುತ್ತಾನೆ, ಹೆಂಡತಿ ಮನೋರಮೆ ನಡುವೆ ಬಾಯಿ ಹಾಕುತ್ತಾಳೆ, ಕೆಣಕುತ್ತಾಳೆ, ಹೀಗಲ್ಲ ಹಾಗೆ ಹೇಳು ಎನ್ನುತ್ತಾಳೆ. ಕಥೆ ಶುರುವಾಗುವುದೂ ಮಳೆಗಾಲದಲ್ಲಿ. ವಿಮರ್ಶಕರು ಇದಕ್ಕೆ ಎಲ್ಲೆಲ್ಲಿಂದಲೋ ಮೂಲ ತರುತ್ತಾರೆ. ತಾಳಮದ್ದಲೆ ಕೇಳಿ ಬೆಳೆದ ನನಗೆ ಮನೋರಮೆ ಎದುರು ಕೂತ ಅರ್ಥಧಾರಿಯಾಗಿಯೇ ಕಾಣುತ್ತಾಳೆ.

ಅರ್ಥ ಎಂಬ ಇಂಥ ಮಾತಿಗೆ ಈಗ ಬಂದ ಗತಿ ನೋಡಿ. ಯಾವ ಜಯಂತಿಯ ಪೂರ್ವಭಾವಿ ಸಭೆಯಾದರೂ ಮರುದಿನದ ಪತ್ರಿಕೆಯಲ್ಲಿ "ಅರ್ಥಪೂರ್ಣವಾಗಿ ಆಚರಿಸಲು ನಿರ್ಧಾರ". ವಾಲ್ಮೀಕಿ ಜಯಂತಿಯೂ ಅರ್ಥಪೂರ್ಣ, ಗಿಡ ನೆಡುವುದೂ ಅರ್ಥಪೂರ್ಣ. ಹೂಹಾರ, ಭಾಷಣ, ಲಘು ಉಪಾಹಾರ. ಅಲ್ಲಿಗೆ ಅರ್ಥ ತುಂಬಿ ತುಳುಕಿತು. ಮಕ್ಕಳಿಗೆ ಅರ್ಥವೇ ಬೇಡ, ಮೀನಿಂಗ್ ಬೇಕು, ಅದೂ ಎರಡು ಮಾರ್ಕಿನದು. ಮೊಬೈಲಿನಲ್ಲಿ ಬೆಳಗಾದರೆ ಪುಷ್ಪಕ ವಿಮಾನದ ವೈಜ್ಞಾನಿಕ ಅರ್ಥ. ರಾಮಾಯಣ ನಡೆದದ್ದು ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಹೌದೆಂದವನು ಭಕ್ತ, ಅಲ್ಲವೆಂದವನು ಬುದ್ಧಿಜೀವಿ. ರಾಮನಿಗೆ ಕೈಮುಗಿದು ವಾಲಿಯ ಪರವಾಗಿ ವಾದಿಸುವವನಿಗೆ ಇವರ ಪಟ್ಟಿಯಲ್ಲಿ ಹೆಸರೇ ಇಲ್ಲ. ಯಾರಾದರೂ ಸ್ವಲ್ಪ ಬೇರೆ ಮಾತು ಆಡಿದರೋ, ಕೂಡಲೇ ಅಪಾರ್ಥ, ಠಾಣೆಗೆ ಮನವಿ, ಕ್ಷಮೆಯ ವಿಡಿಯೋ. ಹಿಂದೆ ಉತ್ತರ ತೋಚದವರು ಎಲೆಗೆ ಸುಣ್ಣ ಸವರುತ್ತಿದ್ದರು.

ನನ್ನ 'ಅರಿತ' ವಾದವನ್ನು ಖಂಡಿಸಿ ಪಂಡಿತರು ಪತ್ರ ಬರೆದೇ ಬರೆಯುತ್ತಾರೆ. ಬರೆಯಲಿ. ಆದರೆ ನಿಘಂಟಿನ ಪುಟದ ಫೋಟೋ ಕಳಿಸಿ ಕೈತೊಳೆದುಕೊಳ್ಳಬಾರದು. ತಾವು ಅರಿತದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಸೋಲುವುದಕ್ಕೆ ನನ್ನ ಅಡ್ಡಿಯಿಲ್ಲ, ಅರ್ಥ ಚೆನ್ನಾಗಿರಬೇಕು ಅಷ್ಟೆ.