ಶೆಡ್ಡಿನ ಒಣದ್ರಾಕ್ಷಿ, ಇಟಲಿಯ ದ್ರಾಕ್ಷಾರಸ



ತಪಸ್ಸುಕಾಲ ಬಂತೆಂದರೆ ವಿಜಯಪುರ ನಗರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ದ್ರಾಕ್ಷಿಯ ಸುಗ್ಗಿ ಕಾಣುತ್ತದೆ. ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಗೊಂಚಲುಗಳು ಒಣಗುತ್ತಿರುತ್ತವೆ. ಈ ಒಣದ್ರಾಕ್ಷಿಗೂ ನಮ್ಮ ಬಲಿಪೀಠಕ್ಕೂ ಏನಾದರೂ ಸಂಬಂಧವುಂಟೇ? ಇಲ್ಲವೆಂದೇ ನಮ್ಮಲ್ಲಿ ಅನೇಕರು ಹೇಳಿಯಾರು. ಆದರೆ ಇತಿಹಾಸವನ್ನು ನೋಡಿದರೆ ಸಂಬಂಧವುಂಟು.

ನಮ್ಮ ರೈತರು ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್‌ನಂಥ ಬೀಜವಿಲ್ಲದ ತಳಿಗಳನ್ನು. ಕೊಯ್ದ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಗೊಂಡು ಒಳಗಿನ ನೀರು ಬೇಗ ಆರುತ್ತದೆ. ಸುಮಾರು 15 ದಿನಗಳಲ್ಲಿ 4 ಕಿಲೋ ಹಣ್ಣು 1 ಕಿಲೋ ಒಣದ್ರಾಕ್ಷಿಯಾಗುತ್ತದೆ.

ಇಟಲಿಯಲ್ಲಿಯೂ ದ್ರಾಕ್ಷಿಯನ್ನು ಒಣಗಿಸುತ್ತಾರೆ. ಆದರೆ ತಿನ್ನುವುದಕ್ಕಲ್ಲ, ದ್ರಾಕ್ಷಾರಸಕ್ಕಾಗಿ. ವೆರೋನಾ ನಗರದ ಬಳಿಯ ವಾಲ್ಪೊಲಿಚೆಲ್ಲಾ ಬೆಟ್ಟಗಳಲ್ಲಿ ಕೊರ್ವೀನಾ ಮುಂತಾದ ಕಪ್ಪು ತಳಿಗಳನ್ನು ಮೂರು ನಾಲ್ಕು ತಿಂಗಳು ಗಾಳಿಯಲ್ಲಿ ಬಾಡಿಸಿ, ಆಮೇಲೆ ಹಿಂಡುತ್ತಾರೆ. ಸಿಹಿಯಾದ ರೆಚೊತೊ, ಒಗರಾದ ಅಮರೋನೆ ಹೀಗೆ ಆಗುತ್ತವೆ. ಆರನೆಯ ಶತಮಾನದಲ್ಲೇ ಅಲ್ಲಿನ ಅರಮನೆಯ ಮಂತ್ರಿ ಕಾಸಿಯೊಡೋರಸ್ ಆ ಸೀಮೆಯ ಇಂಥ ರಸವನ್ನು ಹೊಗಳಿ ಪತ್ರ ಬರೆದಿದ್ದರು. ತಸ್ಕನಿ ಪ್ರಾಂತ್ಯದಲ್ಲಿ ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯಿಂದ ಕಿಯಾಂತಿ ಆಗುತ್ತದೆ. ಅಲ್ಲಿಯೇ ತ್ರೆಬ್ಬಿಯಾನೊ, ಮಲ್ವಾಸಿಯಾ ಎಂಬ ಬಿಳಿ ತಳಿಗಳನ್ನು ಒಣಗಿಸಿ ಹಿಂಡಿ, ರಸವನ್ನು ಚಿಕ್ಕ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಅದರ ಹೆಸರು ವಿನ್ ಸಾಂತೊ, ಅಂದರೆ ಪವಿತ್ರ ದ್ರಾಕ್ಷಾರಸ.

ಇನ್ನು ನಮ್ಮ ನಾಡಿಗೆ ಬರೋಣ. 1637ರಲ್ಲಿ ರೋಮ್ ಗೋವೆಯ ಮತೇವುಸ್ ಡಿ ಕ್ಯಾಸ್ಟ್ರೊ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿ ವಿಜಾಪುರದ ಆದಿಲಶಾಹಿ ನಾಡಿಗೆ ನೇಮಿಸಿತು. ಅಂದಿನ ದಿನಗಳಲ್ಲಿ ದ್ರಾಕ್ಷಾರಸ ಯುರೋಪಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬರಬೇಕಿತ್ತು. ದಾರಿಯಲ್ಲೇ ಹುಳಿಯಾದರೆ ಪೂಜೆಗೆ ಸಲ್ಲದು. ದೂರದ ನಾಡುಗಳಲ್ಲಿ ದುಡಿಯುವ ಗುರುಗಳ ಪಾಲಿಗೆ ಇದು ಸಣ್ಣ ಚಿಂತೆಯಲ್ಲ. 1706ರ ಜುಲೈ 22ರಂದು ರೋಮಿನ ಪವಿತ್ರ ಕಾರ್ಯಾಲಯ ಇದಕ್ಕೆ ಉತ್ತರ ಕೊಟ್ಟಿತು. ಬಣ್ಣದಲ್ಲಿಯೂ ರುಚಿಯಲ್ಲಿಯೂ ಶುದ್ಧ ದ್ರಾಕ್ಷಾರಸವೆಂದು ಗುರುತಿಸುವಂತಿದ್ದರೆ ಒಣದ್ರಾಕ್ಷಿಯಿಂದಾದ ರಸವನ್ನೂ ಬಲಿಪೂಜೆಗೆ ಬಳಸಬಹುದು ಎಂಬುದೇ ಆ ಉತ್ತರ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಕೇಳುವುದೂ ಇಷ್ಟನ್ನೇ: ರಸವು ದ್ರಾಕ್ಷಿಯಿಂದಲೇ ಆಗಿರಬೇಕು, ಕೆಟ್ಟಿರಬಾರದು.

ಇಂದು ಇಟಲಿಯ ಬಳ್ಳಿಯೇ ನಮ್ಮ ನೆರೆಗೆ ಬಂದಿದೆ. ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಇಟಲಿಯ ಅಣ್ಣತಮ್ಮಂದಿರೂ ಭಾರತದ ಅಣ್ಣತಮ್ಮಂದಿರೂ ಕೂಡಿ ಕಟ್ಟಿದ ಫ್ರಾತೆಲ್ಲಿ ತೋಟಗಳಲ್ಲಿ ಸಾಂಜೊವೇಸೆ ಬೆಳೆಯುತ್ತದೆ. ಫ್ರಾತೆಲ್ಲಿ ಎಂದರೆ ಸಹೋದರರು ಎಂದೇ ಅರ್ಥ.

ತಳಿ ಬೇರೆ, ರುಚಿ ಬೇರೆ. ಬೆಳೆಯುವವನ ಆತಂಕ ಮಾತ್ರ ಒಂದೇ. ವೆರೋನಾದಲ್ಲಿ ಒಣಗುವ ಹಣ್ಣಿಗೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ತಿಕೋಟಾದಲ್ಲಿ ಮಾರ್ಚ್, ಏಪ್ರಿಲ್‌ನ ಒಂದು ಅಕಾಲಿಕ ಮಳೆ ಶೆಡ್ಡಿನೊಳಗಿನ ಮಾಲನ್ನು ಕಪ್ಪಾಗಿಸಿ ವರ್ಷದ ದುಡಿಮೆಯನ್ನೇ ಕಸಿದುಕೊಳ್ಳುತ್ತದೆ. ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ರೈತನಿಗೆ ಆ ಮೋಡ ಎಷ್ಟು ಭಾರವೆಂದು ನಾವು ಬಲ್ಲೆವೇ?

ಕಾಣಿಕೆಯ ಹೊತ್ತಿನಲ್ಲಿ ಗುರುಗಳು ಪೂಜಾಪಾತ್ರೆಯನ್ನು ಎತ್ತುವಾಗ ದ್ರಾಕ್ಷಿಬಳ್ಳಿಯ ಜೊತೆಗೆ ಮನುಷ್ಯನ ದುಡಿಮೆಯನ್ನೂ ನೆನೆಯುತ್ತಾರೆ. ಬರುವ ಪವಿತ್ರ ಗುರುವಾರ ಆ ಪ್ರಾರ್ಥನೆ ಕೇಳಿದಾಗ, ತಿಕೋಟಾ, ಬಬಲೇಶ್ವರದ ಶೆಡ್ಡುಗಳಲ್ಲಿ ಆಕಾಶ ನೋಡುತ್ತಾ ನಿಂತ ನಮ್ಮ ನೆರೆಯವರನ್ನು, ಅವರು ಯಾವ ಧರ್ಮದವರೇ ಆಗಿರಲಿ, ಹೆಸರು ಹಿಡಿದು ನೆನೆಯೋಣ.